‘ನೀವು ಏನು ಮಾಡಿಕೊಡ್ತೀರಿ?’

ವಟ್ವಾ ಕೈಗಾರಿಕಾ ವಸಾಹತಿನ ಒಳರಸ್ತೆಗಳಲ್ಲಿ ಬೆಳಗ್ಗೆ ಎಂಟೂವರೆ ಹೊತ್ತಿಗೆ ಹೋದರೆ ಗೇಟುಗಳ ಮೇಲೆ ಒಂದೇ ಮಾತು ಮತ್ತೆ ಮತ್ತೆ ಕಾಣುತ್ತದೆ: ‘ಜೋಈಏ ಛೇ’. ಬೇಕಾಗಿದ್ದಾರೆ ಎಂದರ್ಥ. ಕೆಳಗೆ ಫಿಟ್ಟರ್, ವೆಲ್ಡರ್, ಬಾಯ್ಲರ್ ಆಪರೇಟರ್, ಹೆಲ್ಪರ್ ಎಂದು ಪಟ್ಟಿ. ಬೋರ್ಡಿನ ಹತ್ತಿರ ಪ್ಲಾಸ್ಟಿಕ್ ಫೈಲು ಹಿಡಿದ ನಾಲ್ಕೈದು ಹುಡುಗರು. ಹನ್ನೆರಡು ವರ್ಷ ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡಿದ ನಾನು ಒಂದು ದಿನ ಇಂಥದೇ ಗೇಟಿನ ಮುಂದೆ ನಿಂತು ವಾಚ್‌ಮನ್ ಪುಸ್ತಕದಲ್ಲಿ ಹೆಸರು ಬರೆಸುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಇಲ್ಲಿಗೆ ಬಂದ ಕತೆ ನಮ್ಮ ಓದುಗರಲ್ಲಿ ಕೆಲವರದ್ದೂ ಆಗಿರಬಹುದು. ನನ್ನ ಹೆಂಡತಿ ವಿಜಯಾ ಬ್ಯಾಂಕಿಗೆ ಸೇರಿದವಳು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ದೇನಾ ಬ್ಯಾಂಕಿನ ಜೊತೆಗೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮುಂದೆ ಅವಳಿಗೆ ಬಡ್ತಿಯ ಜೊತೆಗೆ ಅಹಮದಾಬಾದಿಗೆ ವರ್ಗವೂ ಬಂತು. ನನಗೆ ಆಗ ಮನೆಯಿಂದಲೇ ಕೆಲಸ, ಹಾಗಾಗಿ ಇಸನ್‌ಪುರದಲ್ಲಿ ಬಾಡಿಗೆ ಮನೆ ಹಿಡಿದು ಲ್ಯಾಪ್‌ಟಾಪ್ ತೆರೆದು ಕೂತರೆ ಆಯಿತು ಅಂದುಕೊಂಡೆ. ಎರಡು ವರ್ಷ ಹಾಗೆಯೇ ಆಯಿತು. 2023ರ ಜೂನ್‌ನಲ್ಲಿ ಕಂಪನಿ ನಮ್ಮ ತಂಡವನ್ನೇ ಮುಚ್ಚಿತು.

ನಂತರದ್ದು ಏಳು ತಿಂಗಳು, ನೂರಾ ಹನ್ನೆರಡು ಅರ್ಜಿ. ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಇಟ್ಟಿದ್ದೆ, ಅಭ್ಯಾಸಬಲ. ಉತ್ತರ ಬಂದದ್ದು ಒಂಬತ್ತಕ್ಕೆ, ಅದರಲ್ಲಿ ಆರು ‘ವಿಷಾದಿಸುತ್ತೇವೆ’. ಮೊದಲ ತಿಂಗಳುಗಳಲ್ಲಿ ಅಮ್ಮ ಫೋನ್ ಮಾಡಿದಾಗಲೆಲ್ಲ “ಏನಾದ್ರೂ ಆಯ್ತೇನಪ್ಪಾ?” ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ಕಿರಿಕಿರಿಯಾಗುತ್ತಿತ್ತು. ಅಕ್ಟೋಬರಿನಲ್ಲಿ ಒಂದು ದಿನ ಅವಳು ಕೇಳುವುದನ್ನು ನಿಲ್ಲಿಸಿದ್ದಾಳೆ ಎಂಬುದು ಗಮನಕ್ಕೆ ಬಂತು. ಅದು ಹೆಚ್ಚು ನೋಯಿಸಿತು.

‘ಉದ್ಯೋಗದಾತರ ಕಣ್ಣಿಗೆ ಎದ್ದು ಕಾಣುವುದು ಹೇಗೆ’ ಎಂಬ ಉಪದೇಶಗಳನ್ನು ಆ ಏಳು ತಿಂಗಳಲ್ಲಿ ಸಾಕಷ್ಟು ಓದಿದೆ. ಬಣ್ಣದ ರೆಸ್ಯೂಮೆ ಮಾಡಿದೆ. ಫೋಟೋ ಬದಲಿಸಿದೆ. ‘ಫಲಿತಾಂಶ ಕೇಂದ್ರಿತ ವೃತ್ತಿಪರ’ ಎಂದು ಬರೆದುಕೊಂಡೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಏನು, ಮತ್ತು ಈಗ ಮೇಜಿನ ಆ ಕಡೆ ಕೂತು ಬೇರೆಯವರ ರೆಸ್ಯೂಮೆ ಓದುವಾಗ ನನಗೆ ಏನು ಕಾಣುತ್ತಿದೆ ಎಂಬುದನ್ನು ಬರೆಯುತ್ತಿದ್ದೇನೆ. ಈಗ ಹುಡುಕಾಟದಲ್ಲಿರುವ ಒಬ್ಬರಿಗಾದರೂ ಉಪಯೋಗವಾದೀತು.

ಅರ್ಜಿ ಹೋಗಿ ಬೀಳುವ ಜಾಗ

ಮೊದಲು ಒಂದು ಭ್ರಮೆ ಬಿಡಬೇಕು. ನಮ್ಮ ಅರ್ಜಿಯನ್ನು ಯಾರೋ ಕೂತು ಮೊದಲಿಂದ ಕೊನೆಯವರೆಗೆ ಓದುತ್ತಾರೆ ಎಂಬ ಭ್ರಮೆ. ನೌಕ್ರಿ ಡಾಟ್ ಕಾಮ್ 1997ರಲ್ಲಿ, ಲಿಂಕ್ಡ್‌ಇನ್ 2003ರಲ್ಲಿ ಶುರುವಾದವು. ಅದಕ್ಕೂ ಮೊದಲು ಅರ್ಜಿ ಎಂದರೆ ಟೈಪ್ ಮಾಡಿಸಬೇಕು, ಲಕೋಟೆಗೆ ಹಾಕಬೇಕು, ಸ್ಟಾಂಪು ಅಂಟಿಸಬೇಕು. ಆ ಶ್ರಮವೇ ಒಂದು ಜರಡಿಯಾಗಿತ್ತು, ನಿಜವಾಗಿ ಬೇಕಾದವರು ಮಾತ್ರ ಹಾಕುತ್ತಿದ್ದರು. ಈಗ ಒಂದು ಬಟನ್ ಒತ್ತಿದರೆ ಅರ್ಜಿ ಹೋಯಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಜೊತೆಯ ಪತ್ರ ಬರೆಯುವ ಕಷ್ಟವೂ ತಪ್ಪಿತು. ಎಲ್ಲರೂ ಒಂದೇ ಯಂತ್ರವನ್ನು ‘ನಾನು ಎದ್ದು ಕಾಣುವಂತೆ ಬರೆದುಕೊಡು’ ಎಂದು ಕೇಳಿದರೆ ಎಲ್ಲರ ಪತ್ರವೂ ಒಂದೇ ತರ ಇರುತ್ತದೆ.

ದೊಡ್ಡ ಕಂಪನಿಗಳಲ್ಲಿ ಅರ್ಜಿಗಳು ಮೊದಲು ಎಟಿಎಸ್ ಎಂಬ ತಂತ್ರಾಂಶಕ್ಕೆ ಹೋಗುತ್ತವೆ. ಬಹಳ ಜನ ಅದನ್ನು ರೆಸ್ಯೂಮೆ ಹರಿದು ಎಸೆಯುವ ರಾಕ್ಷಸ ಎಂದುಕೊಂಡಿದ್ದಾರೆ. ಮುಖ್ಯವಾಗಿ ಅದು ಒಂದು ಕಪಾಟು. ರೆಸ್ಯೂಮೆಯಿಂದ ಹೆಸರು, ಊರು, ಅನುಭವ, ಕೌಶಲಗಳನ್ನು ಬಿಡಿಸಿ ಖಾನೆಗಳಲ್ಲಿ ಇಡುತ್ತದೆ. ನೇಮಕಾತಿಯವರು ನಾಲ್ಕಾರು ಪದ ಹಾಕಿ ಹುಡುಕುತ್ತಾರೆ, ಊರು, ಅನುಭವ, ನೋಟಿಸ್ ಅವಧಿ ಎಂದು ಸೋಸುತ್ತಾರೆ, ಮೇಲೆ ಬಂದಷ್ಟನ್ನು ತೆರೆಯುತ್ತಾರೆ. ಕೆಳಗಿನವು ತಿರಸ್ಕೃತವಾಗುವುದಿಲ್ಲ, ಸುಮ್ಮನೆ ಅಲ್ಲೇ ಉಳಿಯುತ್ತವೆ.

ಇಷ್ಟು ಗೊತ್ತಾದರೆ ಮಾಡಬೇಕಾದದ್ದೂ ಗೊತ್ತಾಗುತ್ತದೆ. ಎರಡು ಕಾಲಮ್ಮಿನ ಬಣ್ಣದ ವಿನ್ಯಾಸ, ಟೇಬಲ್ಲು, ಚಿತ್ರದೊಳಗೆ ಕೂರಿಸಿದ ಅಕ್ಷರ ಇವೆಲ್ಲ ಈ ತಂತ್ರಾಂಶವನ್ನು ಗಲಿಬಿಲಿ ಮಾಡುತ್ತವೆ. ನನ್ನ ಬಣ್ಣದ ರೆಸ್ಯೂಮೆಯನ್ನು ಒಂದು ದಿನ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿದೆ. ಫೋನ್ ನಂಬರು ಹೋಗಿ ಡಿಗ್ರಿಯ ಮಧ್ಯೆ ಕೂತಿತ್ತು! ನೀವೂ ಈ ಪರೀಕ್ಷೆ ಮಾಡಿ ನೋಡಿ, ಒಂದು ನಿಮಿಷದ ಕೆಲಸ. ಜಾಹೀರಾತಿನಲ್ಲಿ ಅವರು ಯಾವ ಪದ ಬಳಸಿದ್ದಾರೋ, ನಿಮಗೆ ಆ ಕೆಲಸ ನಿಜವಾಗಿ ಬರುವುದಾದರೆ, ಅದೇ ಪದ ಹಾಕಿ. ಊರು ಮತ್ತು ನೋಟಿಸ್ ಅವಧಿ ಸ್ಪಷ್ಟವಾಗಿರಲಿ. ಬೆಂಗಳೂರಿನ ವಿಳಾಸ ಹಾಗೇ ಬಿಟ್ಟು ಅಹಮದಾಬಾದಿನ ಕೆಲಸಗಳಿಗೆ ಮೂರು ತಿಂಗಳು ಅರ್ಜಿ ಹಾಕಿದ ದಡ್ಡ ನಾನು.

ಆದರೆ ಇದೆಲ್ಲ ಕಪಾಟಿನಿಂದ ಹೊರಬರುವ ಉಪಾಯ ಅಷ್ಟೇ. ಹೊರಬಂದ ಮೇಲೆ ಯಾರಾದರೂ ನಿಂತು ನೋಡಬೇಕಲ್ಲ?

ಪಂಕ್ತಿಯಲ್ಲಿ ಸಿಕ್ಕ ಸುಳಿವು

ಆ ವರ್ಷದ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರು ಸೇರಿ ರಾಜ್ಯೋತ್ಸವ ಮಾಡಿದರು. ನನಗೆ ಹೋಗುವ ಮನಸ್ಸಿರಲಿಲ್ಲ. ‘ಈಗ ಎಲ್ಲಿದ್ದೀರಿ?’ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಮಗಳ ನೃತ್ಯ ಇತ್ತು, ಹೋಗಲೇಬೇಕಾಯಿತು. ಊಟದಲ್ಲಿ ಪಕ್ಕದ ಎಲೆಗೆ ಕೂತವರು ಉಡುಪಿ ಕಡೆಯ ಹಿರಿಯರು, ಮೂವತ್ತು ವರ್ಷದಿಂದ ವಟ್ವಾದ ಬಣ್ಣದ ಕಾರ್ಖಾನೆಗಳಲ್ಲಿ ಕೆಮಿಸ್ಟು. ಬಿಸಿಬೇಳೆಭಾತಿನ ಎರಡನೇ ಸುತ್ತು ಬರುವ ಹೊತ್ತಿಗೆ ಅವರು ಆ ಪ್ರಶ್ನೆ ಕೇಳಿಯೇಬಿಟ್ಟರು. ನಾನೂ ಸುಸ್ತಾಗಿದ್ದೆ, ಇದ್ದದ್ದು ಹೇಳಿದೆ. ಅವರು ಕನಿಕರವನ್ನೇನೂ ತೋರಿಸಲಿಲ್ಲ. “ನಮ್ಮ ಶೇಠ್‌ಗೆ ಸ್ಟಾಕಿನ ಲೆಕ್ಕ ತಾಳೆ ಆಗ್ತಾ ಇಲ್ಲ, ತಿಂಗಳ ಕೊನೇಲಿ ತಲೆ ಚಚ್ಚಿಕೊಳ್ತಾರೆ. ಬಂದು ನೋಡ್ತೀರಾ?” ಅಂದರು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇದನ್ನು 1970ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದ್ದ ವೃತ್ತಿಪರರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪರಿಚಯದವರ ಮೂಲಕ ಕೆಲಸ ಸಿಕ್ಕಿತ್ತು. ಆದರೆ ಆ ಪರಿಚಯದವರು ಆಪ್ತರಲ್ಲ, ಹೆಚ್ಚಿನವರು ಆಗೊಮ್ಮೆ ಈಗೊಮ್ಮೆ ಸಿಗುವವರು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಲೋಕದಲ್ಲಿ ಓಡಾಡುವವರಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆಸಿದ ಪ್ರಯೋಗಗಳನ್ನು ನೋಡಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ತೀರಾ ಆಪ್ತರೂ ಅಲ್ಲದ, ತೀರಾ ದೂರದವರೂ ಅಲ್ಲದ ಪರಿಚಯಗಳೇ ಕೆಲಸ ಬದಲಿಸಲು ಹೆಚ್ಚು ನೆರವಾಗುತ್ತವೆ.

ನನ್ನ ಬೆಂಗಳೂರಿನ ಗೆಳೆಯರೆಲ್ಲ ಸಾಫ್ಟ್‌ವೇರಿನವರು, ಅವರಲ್ಲೂ ಅರ್ಧ ಜನ ಆಗ ನನ್ನ ಹಾಗೇ ಹುಡುಕುತ್ತಿದ್ದರು. ಬಣ್ಣದ ಕಾರ್ಖಾನೆಯ ಸ್ಟಾಕು ತಾಳೆಯಾಗದ ಸುದ್ದಿ ಅವರಲ್ಲಿ ಯಾರಿಂದ ಬಂದೀತು? ಹೊರನಾಡಿನಲ್ಲಿರುವ ನಮಗೆ ಸಂಘದ ಊಟದ ಪಂಕ್ತಿ ಒಂದು ವಿಚಿತ್ರ ಜಾಗ. ಹೋಟೆಲಿನವರು, ಬ್ಯಾಂಕಿನವರು, ಕೆಮಿಸ್ಟುಗಳು ಒಂದೇ ಸಾಲಿನಲ್ಲಿ ಕೂರುತ್ತಾರೆ. ಕೆಲಸ ಹೋದಾಗ ನಾವು ಮೊದಲು ತಪ್ಪಿಸಿಕೊಳ್ಳುವುದು ಅಂಥ ಜಾಗವನ್ನೇ.

ಒಂದೇ ಅಂಕಿ, ಮೂರು ಸಲ

1962ರಲ್ಲಿ ಹುಟ್ಟಿದ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ಹಳೆಯ ವಸಾಹತುಗಳಲ್ಲಿ ವಟ್ವಾ ಒಂದು. ಬಟ್ಟೆಗೆ ಹಾಕುವ ಬಣ್ಣಗಳು, ಅವಕ್ಕೆ ಬೇಕಾದ ಎಚ್-ಆಸಿಡ್, ವಿನೈಲ್ ಸಲ್ಫೋನ್ ಮುಂತಾದ ಮಧ್ಯವರ್ತಿ ರಾಸಾಯನಿಕಗಳು ಇಲ್ಲಿನ ಮುಖ್ಯ ಸರಕು. ಮೂಗಿಗೆ ಖಾರ ಬಡಿಯುವ ಗಾಳಿ, ಡ್ರಮ್ಮು ತುಂಬಿದ ಲಾರಿಗಳು. ಹಿರಿಯರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕಾಂಟಾ ಹತ್ತಿರ, ಅಂದರೆ ಲಾರಿ ತೂಗುವ ವೇಬ್ರಿಡ್ಜ್ ಹತ್ತಿರ, ಬಿಟ್ಟರು. ಎರಡು ಗಂಟೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ.

ಲಾರಿ ಬರುತ್ತದೆ, ತೂಕದ ಅಂಕಿ ಕೆಂಪು ದೀಪದಲ್ಲಿ ಮೂಡುತ್ತದೆ. ವಾಚ್‌ಮನ್ ಅದನ್ನು ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಸ್ಟೋರಿನ ಹುಡುಗ ಸಂಜೆ ಆ ರಿಜಿಸ್ಟರು ನೋಡಿ ಎಕ್ಸೆಲ್‌ಗೆ ಹಾಕುತ್ತಾನೆ. ಲೆಕ್ಕದವರು ಎರಡು ದಿನ ಬಿಟ್ಟು ಬಿಲ್ಲು ನೋಡಿ ಟ್ಯಾಲಿಗೆ ಹಾಕುತ್ತಾರೆ. ಒಂದೇ ಅಂಕಿಯನ್ನು ಮೂವರು ಮೂರು ಸಲ ಕೈಯಲ್ಲಿ ಬರೆಯುತ್ತಿದ್ದರು. ವಾಚ್‌ಮನ್‌ನ 1 ಸ್ಟೋರಿನವನಿಗೆ 7ರ ಹಾಗೆ ಕಾಣುತ್ತಿತ್ತು.

ಮನೆಗೆ ಬಂದು ಒಂದೇ ಪುಟ ಬರೆದೆ. ಮೇಲೆ ಆ ಅಂಕಿ ಸಾಗುವ ದಾರಿಯ ಚಿತ್ರ, ಎಲ್ಲೆಲ್ಲಿ ತಪ್ಪಾಗಬಹುದು ಎಂಬ ಗುರುತು. ಕೆಳಗೆ ಮೂರು ಸಾಲು. ತೂಕದ ಯಂತ್ರದ ಹಿಂದೆ ಕಂಪ್ಯೂಟರಿಗೆ ತಂತಿ ಹಾಕುವ ಸೀರಿಯಲ್ ಪೋರ್ಟ್ ಆಗಲೇ ಇದೆ, ಯಾರೂ ಬಳಸುತ್ತಿಲ್ಲ. ತೂಕ ನೇರವಾಗಿ ಅಲ್ಲಿಂದಲೇ ದಾಖಲಾದರೆ ಕೈಬರಹ ಎರಡು ಕಡೆ ತಪ್ಪುತ್ತದೆ. ಮೊದಲ ಹಂತಕ್ಕೆ ಎರಡು ವಾರ ಸಾಕು. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ರಿಯಾಕ್ಟರಿನೊಳಗೆ ಎಷ್ಟು ಸರಕು ನಷ್ಟವಾಗುತ್ತದೆ ಎಂಬುದು ನನಗೆ ಗೊತ್ತಿಲ್ಲ, ಅದನ್ನು ನಿಮ್ಮ ಕೆಮಿಸ್ಟರಿಂದ ಕಲಿಯಬೇಕು.

ವಾರದ ನಂತರ ಶೇಠ್ ಕರೆಸಿದರು. ನನ್ನ ರೆಸ್ಯೂಮೆ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು. ಎಂ.ಟೆಕ್. ಬಗ್ಗೆ ಕೇಳಲಿಲ್ಲ, ಐದು ತಿಂಗಳಿಂದ ಮನೆಯಲ್ಲಿರುವುದರ ಬಗ್ಗೆಯೂ ಕೇಳಲಿಲ್ಲ. ಕೈಯಲ್ಲಿ ಆ ಪುಟ ಹಿಡಿದಿದ್ದರು. ಕೇಳಿದ್ದು ಒಂದೇ ಪ್ರಶ್ನೆ: “ತಮೇ ಶುಂ ಕರೀ ಆಪಶೋ?”

ನನ್ನ ಹರಕು ಗುಜರಾತಿಗೂ ಅದು ತಟ್ಟನೆ ಅರ್ಥವಾಯಿತು. ಯಾಕೆಂದರೆ ಕನ್ನಡದಲ್ಲೂ ಅದೇ ಕ್ರಮ. ಕರೀ ಆಪವು ಎಂದರೆ ಮಾಡಿಕೊಡುವುದು. ‘ನೀವು ಏನು ಮಾಡುತ್ತೀರಿ’ ಎಂಬುದು ಒಂದು ಪ್ರಶ್ನೆ, ‘ನೀವು ಏನು ಮಾಡಿಕೊಡ್ತೀರಿ’ ಎಂಬುದು ಇನ್ನೊಂದು. ಆ ‘ಕೊಡು’ ಸೇರಿದೊಡನೆ ಮಾತು ನನ್ನಿಂದ ಎದುರಿಗಿರುವವರ ಕಡೆ ತಿರುಗುತ್ತದೆ. ನನ್ನ ನೂರಾ ಹನ್ನೆರಡು ಅರ್ಜಿಗಳೂ ನಾನು ಯಾರು, ಎಷ್ಟು ವರ್ಷ ಎಲ್ಲೆಲ್ಲಿದ್ದೆ ಎಂಬುದನ್ನೇ ಹೇಳಿದ್ದವು. ಅವರಿಗೆ ಏನು ಮಾಡಿಕೊಡುತ್ತೇನೆ ಎಂಬುದು ಒಂದರಲ್ಲೂ ಇರಲಿಲ್ಲ. ಮಾತುಕತೆ, ಸಂಬಳದ ಚೌಕಾಸಿ ಎಲ್ಲ ಮುಗಿದು 2024ರ ಜನವರಿಯಲ್ಲಿ ಸೇರಿಕೊಂಡೆ. ಸಂಬಳ ಹಳೆಯದಕ್ಕಿಂತ ಕಡಿಮೆಯೇ. ಅಮ್ಮನಿಗೆ ಫೋನ್ ಮಾಡಿದಾಗ ಅದನ್ನು ಹೇಳಲಿಲ್ಲ.

ಪೋಸ್ಟ್‌ಕಾರ್ಡು ತೆರೆದ ಬಾಗಿಲು

ಇದಕ್ಕೆ ನಮ್ಮವರಲ್ಲೇ ಹೆಸರಾದ ಉದಾಹರಣೆ ಇದೆ. 1974ರಲ್ಲಿ ಹುಬ್ಬಳ್ಳಿಯ ಹುಡುಗಿ ಸುಧಾ ಕುಲಕರ್ಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಗ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದರು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿತ್ತು. ಇದು ಅನ್ಯಾಯ ಎಂದು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಮುಂದೆ ಸುಧಾ ಮೂರ್ತಿಯಾಗಿ ಎಲ್ಲರಿಗೂ ಗೊತ್ತಾದವರು ಅವರೇ.

ಈ ಕತೆಯನ್ನು ಧೈರ್ಯದ ಕತೆಯಾಗಿ ಹೇಳುತ್ತೇವೆ, ಅದು ಸರಿಯೇ. ಕೆಲಸ ಹುಡುಕುವವನಾಗಿ ನನಗೆ ಅದರಲ್ಲಿ ಬೇರೆ ಎರಡು ಸಂಗತಿ ಕಾಣುತ್ತವೆ. ಒಂದು, ಪತ್ರ ಹೋದದ್ದು ತೀರ್ಮಾನ ಬದಲಿಸಬಲ್ಲವರಿಗೆ. ಎರಡು, ಪೋಸ್ಟ್‌ಕಾರ್ಡು ಕೊಡಿಸಿದ್ದು ಸಂದರ್ಶನವನ್ನು ಮಾತ್ರ. ಅಲ್ಲಿ ಕೇಳಿದ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸಲು ಅವರ ಹತ್ತಿರ ಓದು ಇತ್ತು. ಗಮನ ಸೆಳೆದ ಮೇಲೆ ಕೈಯಲ್ಲಿ ಏನೂ ಇಲ್ಲದಿದ್ದರೆ ಆ ಗಮನದಿಂದ ಉಪಯೋಗವಿಲ್ಲ.

ನೇಮಕಾತಿಯ ಸಂಶೋಧನೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಶ್ಮಿಟ್ ಮತ್ತು ಹಂಟರ್ 1998ರಲ್ಲಿ ಬರೆದ ಲೇಖನದಲ್ಲಿ, ಮುಂದೆ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಊಹಿಸಲು ಅದೇ ಕೆಲಸದ ಒಂದು ಮಾದರಿ ಮಾಡಿಸಿ ನೋಡುವುದು ಮೇಲಿನ ಸ್ಥಾನದಲ್ಲಿತ್ತು. ‘ಇಷ್ಟು ವರ್ಷ ಅನುಭವ’ ಎಂಬುದು ಬಹಳ ಕೆಳಗೆ. 2022ರಲ್ಲಿ ಬೇರೆ ಸಂಶೋಧಕರು ಆ ಲೆಕ್ಕವನ್ನು ಮತ್ತೆ ಮಾಡಿ ಅಂಕಿಗಳನ್ನು ತಗ್ಗಿಸಿದರು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಕ್ರಮಬದ್ಧ ಸಂದರ್ಶನವನ್ನು ಮೊದಲಿಗೆ ತಂದರು. ವರ್ಷಗಳ ಲೆಕ್ಕ ಆಗಲೂ ಕೆಳಗೇ ಉಳಿಯಿತು. ನಮ್ಮ ರೆಸ್ಯೂಮೆಯ ಮೊದಲ ಸಾಲು ಮಾತ್ರ ಇನ್ನೂ ‘ಹದಿಮೂರು ವರ್ಷಗಳ ಅನುಭವ’!

ಮೇಜಿನ ಆ ಕಡೆ

ಇಷ್ಟಕ್ಕೇ ಮುಗಿಸಿದರೆ ಇದು ನನ್ನ ಗೆಲುವಿನ ಕತೆಯಾಗುತ್ತದೆ. ಆಗಬಾರದು, ಯಾಕೆಂದರೆ ಕಳೆದ ವರ್ಷ ನಾನೇ ಒಂದು ಕೆಲಸಕ್ಕೆ ಜನರನ್ನು ಹುಡುಕಬೇಕಾಯಿತು. ನನ್ನ ಕೈಕೆಳಗೆ ಒಬ್ಬ ಸಹಾಯಕ. ಪೋರ್ಟಲಿನಲ್ಲಿ ಹಾಕಿದ ನಾಲ್ಕು ದಿನಕ್ಕೆ ನೂರೈವತ್ತರ ಹತ್ತಿರ ಅರ್ಜಿ. ನಾನು ‘ಬಿ.ಇ.’ ಎಂದು ಸೋಸಿ ಇಪ್ಪತ್ತು ತೆರೆದೆ. ಹದಿನೈದರಲ್ಲಿ ಅದೇ ‘ಫಲಿತಾಂಶ ಕೇಂದ್ರಿತ ವೃತ್ತಿಪರ’. ನಗು ಬಂತು, ನಾಚಿಕೆಯೂ ಆಯಿತು.

ಆ ವಾರ ಗೇಟಿನಿಂದ ವಾಚ್‌ಮನ್ ಫೋನ್ ಮಾಡಿದ. ಒಬ್ಬ ಹುಡುಗ ಬಂದಿದ್ದಾನೆ, ಹೋಗು ಅಂದರೂ ಹೋಗುತ್ತಿಲ್ಲ, ಐದು ನಿಮಿಷ ಕೇಳುತ್ತಿದ್ದಾನೆ ಎಂದ. ವಟ್ವಾ ಊರಿನವನೇ, ಡಿಪ್ಲೊಮಾ. ಜೇಬಿನಿಂದ ಒಂದು ಸ್ಟಿಕ್ಕರ್ ಹಾಳೆ ತೆಗೆದ. ಅವನ ಮಾವನ ಗೋದಾಮಿನಲ್ಲಿ ಡ್ರಮ್ಮಿನ ಚೀಟಿಗಳನ್ನು ಕೈಯಲ್ಲಿ ಬರೆಯುತ್ತಿದ್ದರಂತೆ, ಇವನು ಬಾರ್‌ಕೋಡ್ ಚೀಟಿ ಮುದ್ರಿಸುವ ಸಣ್ಣ ವ್ಯವಸ್ಥೆ ಮಾಡಿದ್ದ. ಮೊದಲು ಹೇಗಿತ್ತು, ಈಗ ಹೇಗಿದೆ, ಯಾವುದು ಇನ್ನೂ ಸರಿಯಾಗಿಲ್ಲ, ಎಲ್ಲ ಹೇಳಿದ. ತೇವಕ್ಕೆ ಅಂಟು ಬಿಡುತ್ತದೆ ಸಾರ್, ಅದಕ್ಕೆ ಉಪಾಯ ಸಿಕ್ಕಿಲ್ಲ ಎಂದ. ಆ ಕೊನೆಯ ಮಾತಿಗೇ ನಾನು ಅವನನ್ನು ನಂಬಿದೆ.

ಮೇಲೆ ಹೋಗಿ ಪೋರ್ಟಲಿನಲ್ಲಿ ಹುಡುಕಿದೆ. ಅವನ ಅರ್ಜಿ ಮೊದಲ ದಿನವೇ ಬಂದಿತ್ತು. ನನ್ನ ‘ಬಿ.ಇ.’ ಜರಡಿಯಲ್ಲಿ ಕೆಳಗೆ ಬಿದ್ದಿತ್ತು. ಏಳು ತಿಂಗಳು ಯಾವ ಕಪಾಟನ್ನು ಶಪಿಸಿದ್ದೆನೋ ಆ ಕಪಾಟಿನ ಬೀಗದ ಕೈ ಈಗ ನನ್ನ ಹತ್ತಿರವೇ ಇತ್ತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅವನ ರೆಸ್ಯೂಮೆಯ ಮೇಲಿದ್ದ ಹೆಸರು, ಮೊಹಲ್ಲಾದ ವಿಳಾಸ ನೋಡಿ ಜೊತೆಯಲ್ಲಿದ್ದ ಒಬ್ಬರು “ಬೇರೆ ನೋಡೋಣ” ಎಂದರು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಯಿತು. ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಒಂದೇ ತರದ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದಾಗ, ಮೇಲ್ಜಾತಿಯ ಹಿಂದೂ ಹೆಸರುಗಳಿಗಿಂತ ದಲಿತ ಹೆಸರುಗಳಿಗೆ ಕರೆ ಕಡಿಮೆ ಬಂದಿತ್ತು, ಮುಸ್ಲಿಂ ಹೆಸರುಗಳಿಗೆ ಇನ್ನೂ ಕಡಿಮೆ. ‘ಎದ್ದು ಕಾಣು’ ಎಂಬ ಉಪದೇಶ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಕೆಲವರು ಬೇಡದ ಕಾರಣಕ್ಕೆ ಆಗಲೇ ಎದ್ದು ಕಾಣುತ್ತಿರುತ್ತಾರೆ. ನನಗೆ ಪಂಕ್ತಿಯಲ್ಲಿ ಪಕ್ಕದ ಎಲೆ ಸಿಕ್ಕಿತು, ಅವನಿಗೆ ಅಂಥ ಎಲೆ ಸಿಕ್ಕಿರಲಿಲ್ಲ. ಅದಕ್ಕೇ ಗೇಟಿನಲ್ಲಿ ಹಟ ಹಿಡಿದು ನಿಲ್ಲಬೇಕಾಯಿತು.

ಆ ಸ್ಟಿಕ್ಕರ್ ಹಾಳೆಯನ್ನು ಶೇಠ್ ಮೇಜಿನ ಮೇಲೆ ಇಟ್ಟೆ. ಅವರು ಅವನನ್ನೂ ಅದೇ ಪ್ರಶ್ನೆ ಕೇಳಿದರು. ಅವನ ಉತ್ತರ ನನ್ನದಕ್ಕಿಂತ ಚೆನ್ನಾಗಿತ್ತು.

ಈಗ ಹುಡುಕುತ್ತಿರುವವರಿಗೆ

ನನ್ನ ಸಲಹೆ ಚಿಕ್ಕದು. ನಿಮ್ಮ ರೆಸ್ಯೂಮೆಯಲ್ಲಿರುವ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಪ್ರತಿಯೊಂದರ ಜಾಗದಲ್ಲಿ ‘ಮೊದಲು ಹೀಗಿತ್ತು, ನಾನು ಇದನ್ನು ಮಾಡಿದೆ, ಆಮೇಲೆ ಹೀಗಾಯಿತು’ ಎಂಬ ಒಂದು ಸಾಲು ಬರೆಯಿರಿ. ‘ಸಮರ್ಥ ನಾಯಕತ್ವ’ ಎಂದರೆ ಯಾರೂ ಪರೀಕ್ಷಿಸಲಾರರು. ‘ತಿಂಗಳ ಲೆಕ್ಕ ಮುಗಿಸಲು ಒಂಬತ್ತು ದಿನ ಹಿಡಿಯುತ್ತಿತ್ತು, ನಾಲ್ಕಕ್ಕೆ ಇಳಿಸಿದೆವು, ಅದರಲ್ಲಿ ನನ್ನ ಪಾಲು ಇದು’ ಎಂದರೆ ಪ್ರಶ್ನೆ ಕೇಳಬಹುದು. ಪ್ರಶ್ನೆ ಕೇಳುವಂತಾದರೆ ಸಂದರ್ಶನ ಶುರುವಾದಂತೆ. ಕೆಲಸವಿಲ್ಲದ ತಿಂಗಳುಗಳನ್ನು ಬಚ್ಚಿಡಬೇಡಿ, ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ನೂರು ಕಡೆ ಬಟನ್ ಒತ್ತುವ ಬದಲು ಐದು ಜಾಗ ಆರಿಸಿ, ಅವರ ಕಷ್ಟ ಏನೆಂದು ತಿಳಿದುಕೊಂಡು ಒಂದು ಪುಟ ಬರೆಯಿರಿ. ಒಂದೇ ಪುಟ, ಒಂದೆರಡು ಗಂಟೆಯ ಶ್ರಮ. ಅದಕ್ಕಿಂತ ಹೆಚ್ಚು ಪುಕ್ಕಟೆ ಕೆಲಸ ಕೇಳುವವರ ಹತ್ತಿರ ನಯವಾಗಿ ಸಂಬಳದ ಮಾತೆತ್ತಿ. ಕೆಲಸ ಕೊಡಿಸಲು ದುಡ್ಡು ಕೇಳುವವರ ಫೋನ್ ಇಟ್ಟುಬಿಡಿ. ಮತ್ತೆ, ಸಂಘದ ಊಟಕ್ಕೆ ತಪ್ಪಿಸಬೇಡಿ. ‘ಈಗ ಎಲ್ಲಿದ್ದೀರಿ?’ ಎಂದು ಕೇಳಿದರೆ ಇದ್ದದ್ದು ಹೇಳಿ.

ಇನ್ನೊಂದು ಮಾತು ಕೆಲಸ ಕೊಡುವ ಜಾಗದಲ್ಲಿರುವ ನಮ್ಮವರಿಗೆ. ನಿಮ್ಮ ಜರಡಿಯಲ್ಲಿ ಕೆಳಗೆ ಬಿದ್ದ ಅರ್ಜಿಗಳಲ್ಲಿ ಹತ್ತನ್ನಾದರೂ, ಹೆಸರು ಮುಚ್ಚಿ, ತೆರೆದು ನೋಡಿ. ನಾನು ಈಗ ಹಾಗೆ ಮಾಡುತ್ತೇನೆ. ನಮ್ಮ ಗೇಟಿನ ಬೋರ್ಡಿನಲ್ಲೂ ಒಂದು ಸಾಲು ಹೆಚ್ಚು ಬರೆಸಿದ್ದೇನೆ. ‘ಜೋಈಏ ಛೇ’ ಪಟ್ಟಿಯ ಕೆಳಗೆ ಗುಜರಾತಿಯಲ್ಲಿ ಇದೆ: ನೀವು ಮಾಡಿದ ಒಂದು ಕೆಲಸವನ್ನು ತೋರಿಸಲು ತನ್ನಿ. ಮೊನ್ನೆ ಒಬ್ಬ ವೆಲ್ಡರ್ ತಾನೇ ಮಾಡಿದ ಪುಟ್ಟ ಕಬ್ಬಿಣದ ಸ್ಟೂಲು ಹೊತ್ತು ತಂದಿದ್ದ. ಕೆಲಸಕ್ಕೆ ಸೇರಿದ್ದಾನೆ. ಸ್ಟೂಲು ಈಗ ವಾಚ್‌ಮನ್ ಹತ್ತಿರ ಇದೆ.